ಅಮ್ಮನನ್ನು ಊರಲ್ಲಿ ಬಿಟ್ಟು ಬಂದ ತಂಗಿಗೆ

ತಂಗಿ, ಕೆನಡಾದಲ್ಲಿ ಬದುಕು ಹೇಗಿರುತ್ತದೆ, ತೀರ್ಥಹಳ್ಳಿಯಲ್ಲಿ ಒಬ್ಬಳೇ ಇರುವ ನಿನ್ನ ಅಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳಬಹುದಾ ಅಂತ ಕೇಳಿದ್ದೀಯ. ಜೊತೆಗೆ ಅಮ್ಮನ ಬಗ್ಗೆ ನೀನೇ ಬರೆದ ಪದ್ಯವನ್ನೂ ಕಳಿಸಿದ್ದೀಯ. ಬಾಡಿಗೆ, ಕೆಲಸ, ಚಳಿ ಇವನ್ನು ಯಾರು ಬೇಕಾದರೂ ಹೇಳುತ್ತಾರೆ. ನಾನು ಪದ್ಯಕ್ಕೇ ಉತ್ತರ ಕೊಡುತ್ತೇನೆ, ನಿನ್ನ ನಿಜವಾದ ಪ್ರಶ್ನೆ ಅದರಲ್ಲೇ ಇದೆ.

ಹಂಡೆಗೆ ನೀರು ತುಂಬುವಾಗ ಅಮ್ಮ
ಈಗೀಗ ಅರ್ಧ ಕೊಡವೇ ಎತ್ತುತ್ತಾಳೆ.
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಈ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಕಣ್ಣಾರೆ ನೋಡಿ ಬರೆದಿದ್ದೀಯ, ಅದಕ್ಕೇ ನಾಟುತ್ತದೆ. ಆದರೆ ಕೊನೆಗೆ 'ನಿನ್ನನ್ನು ಕರೆದೊಯ್ಯುವೆ ಹಿಮದ ಊರಿಗೆ' ಅಂತ ಮುಗಿಸಿದ್ದೀಯಲ್ಲ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಇಡೀ ಪದ್ಯದಲ್ಲಿ ಅಮ್ಮನ ಮಾತು ಒಂದೂ ಇಲ್ಲ. ಅವಳಿಗೆ ಏನು ಬೇಕು ಅಂತ ಕೇಳದೆಯೇ ನೀನು ತೀರ್ಮಾನ ಮಾಡಿಬಿಟ್ಟಿದ್ದೀಯ.

ಹೊರದೇಶಕ್ಕೆ ಬಂದ ಮೇಲೆ ಈ ಕೇಳದೆ ಇರುವುದು, ಹೇಳದೆ ಇರುವುದು ಇನ್ನೂ ಜಾಸ್ತಿಯಾಗುತ್ತದೆ. ಊರಲ್ಲಿ ಬೆಳಿಗ್ಗೆ 8 ಗಂಟೆಯಾದಾಗ ಟೊರೊಂಟೊದಲ್ಲಿ ಹಿಂದಿನ ರಾತ್ರಿ 10.30, ಚಳಿಗಾಲದಲ್ಲಾದರೆ 9.30. ಅವಳು ತಲೆ ಬಾಚಿಕೊಂಡು, ಕುರ್ಚಿಯಲ್ಲಿ ಕೂತು, ವಿಡಿಯೋ ಕಾಲ್‌ನಲ್ಲಿ ನಗುತ್ತಾಳೆ. 'ನಂಗೇನಾಗಿದೆ, ಆರಾಮಾಗಿದೀನಿ, ನೀ ಊಟ ಮಾಡಿದ್ಯಾ' ಅಂತಾಳೆ. ಫೋನಿನಲ್ಲಿ ಮುಖ ಕಾಣುತ್ತದೆ, ಮಂಡಿ ಕಾಣುವುದಿಲ್ಲ. ಹೊಸ್ತಿಲು ದಾಟುವಾಗ ಬಾಗಿಲು ಹಿಡಿದುಕೊಳ್ಳುವುದು ಕಾಣುವುದಿಲ್ಲ. ಅದಕ್ಕೇ ಹೇಳುತ್ತೇನೆ, 'ಅಮ್ಮಾ, ಫೋನ್ ಹಿಡ್ಕೊಂಡು ಹಿತ್ತಲಿಗೆ ಹೋಗಿ ಮಲ್ಲಿಗೆ ಗಿಡ ತೋರಿಸು' ಅನ್ನು. ನಡೆಯುವಾಗ ಅವಳ ಉಸಿರು ಕೇಳಿಸಿಕೋ. 'ಹೇಗಿದ್ದೀಯ' ಅಂದರೆ ಯಾವ ಅಮ್ಮನೂ ನಿಜ ಹೇಳುವುದಿಲ್ಲ. ನಿನ್ನೆ ಬಚ್ಚಲ ಒಲೆಗೆ ಸೌದೆ ಯಾರು ತಂದುಕೊಟ್ಟರು, ರಾತ್ರಿ ಎಷ್ಟು ಸಲ ಎದ್ದೆ, ಪೇಟೆಗೆ ಕೊನೆಯ ಸಲ ಹೋಗಿದ್ದು ಯಾವಾಗ, ಹೀಗೆ ಕೇಳಿದರೆ ಹೇಳುತ್ತಾಳೆ.

ಇನ್ನು ಕರೆಸಿಕೊಳ್ಳುವ ವಿಷಯ. ಪಿಆರ್, ಅಂದರೆ ಇಲ್ಲಿ ಕಾಯಂ ಆಗಿ ಇರುವ ಅನುಮತಿ, ಇದ್ದವರು ಅಪ್ಪ ಅಮ್ಮನನ್ನು ಸೂಪರ್ ವೀಸಾದಲ್ಲಿ ಕರೆಸಬಹುದು. 2022ರ ಜುಲೈನಿಂದ ಒಂದು ಸಲ ಬಂದರೆ 5 ವರ್ಷದವರೆಗೂ ಇರಲು ಬಿಡುತ್ತಾರೆ. ನಿನ್ನ ಆದಾಯ ಅವರು ಹೇಳಿದ ಮಟ್ಟಕ್ಕಿರಬೇಕು, ಅಮ್ಮನ ಹೆಸರಲ್ಲಿ ಕಡಿಮೆ ಅಂದರೂ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಒಂದು ವರ್ಷದ ಮಟ್ಟಿಗೆ ಇರಬೇಕು, ಮೆಡಿಕಲ್ ಪರೀಕ್ಷೆಯೂ ಆಗಬೇಕು. ಬಿಪಿ, ಶುಗರ್ ಇದ್ದರೆ ಹಳೆಯ ಕಾಯಿಲೆಗೆ ಆ ವಿಮೆ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಅಂತ ಪೂರ್ತಿ ಓದು. ಕಾಗದಪತ್ರ ಹೊಂದಿಸಬಹುದು. ಕಷ್ಟ ಅದರಲ್ಲಿಲ್ಲ.

ನನ್ನ ಅಮ್ಮ ಬಂದಿದ್ದಳು. ಬೇಸಿಗೆಯಲ್ಲಿ ಖುಷಿಯಾಗಿದ್ದಳು, ಹಿತ್ತಲಲ್ಲಿ ಬಸಳೆ ಹಾಕಿದಳು, ಪಾರ್ಕಿಗೆ ಹೋದಳು. ನವೆಂಬರ್ ಬಂತು, ನಾವು ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು, ರಸ್ತೆ ಮೇಲೆ ಐಸ್, ಬಿದ್ದರೆ ಏನು ಗತಿ ಅಂತ ಅವಳು ಬಾಗಿಲು ದಾಟುವುದನ್ನೇ ಬಿಟ್ಟಳು. ಒಂದು ದಿನ ಕೇಳಿದಳು, 'ಇಲ್ಲಿ ಯಾರ ಮನೆಗೂ ಸುಮ್ನೆ ಹೋಗಿ ಕೂರೋ ಹಾಗಿಲ್ವಾ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಚಳಿಗಾಲ ಮುಗಿಯುವ ಮೊದಲೇ ಊರಿಗೆ ಹೊರಟಳು, ನಾನು ತಡೆಯಲಿಲ್ಲ. ಅವಳಿಗೆ ನಾನೂ ಬೇಕಿತ್ತು, ಪಕ್ಕದ ಮನೆಯ ಜಗುಲಿಯೂ ಬೇಕಿತ್ತು. ಎರಡನ್ನೂ ಒಟ್ಟಿಗೆ ಕೊಡುವ ಶಕ್ತಿ ನನಗಿಲ್ಲ, ಅದು ಇವತ್ತಿಗೂ ಸಂಕಟವೇ.

ನಿನ್ನ ಅಮ್ಮ ಬರುತ್ತೇನೆ ಅನ್ನಬಹುದು. ಅಂದರೆ ಕರೆಸು, ಒಳ್ಳೆಯದೇ. ಬರಲ್ಲ ಅಂದರೆ ಆ ಮನೆಯನ್ನೇ ಅವಳ ವಯಸ್ಸಿಗೆ ತಕ್ಕ ಹಾಗೆ ಮಾಡಬೇಕು. ನಮ್ಮ ಮಲೆನಾಡಿನ ಹಳೇ ಮನೆಗಳು ನಿನಗೆ ಗೊತ್ತೇ ಇದೆ: ಎತ್ತರದ ಹೊಸ್ತಿಲು, ಕತ್ತಲೆ ನಡುಮನೆ, ಹಿಂದುಗಡೆ ಎಲ್ಲೋ ಬಚ್ಚಲು, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುವ ಅಂಗಳ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸು, ರಾತ್ರಿ ಉರಿಯುವ ದೀಪ ಹಾಕಿಸು, ಕರೆಂಟ್ ಹೋದರೂ ಅದು ಉರಿಯಬೇಕು. ಕಮೋಡ್ ಹಾಕಿಸು. ಕಣ್ಣಿಗೆ ಪೊರೆ ಬಂದಿದೆಯಾ ತೋರಿಸು. ಶಿವಮೊಗ್ಗಕ್ಕೆ 2023ರಿಂದ ವಿಮಾನ ಬರುತ್ತಿದೆ, ಆದರೆ ಮಧ್ಯರಾತ್ರಿ ಅವಳಿಗೆ ಎದೆ ನೋವು ಬಂದರೆ ಬೇಕಾಗುವುದು ಪಕ್ಕದ ಮನೆಯವರ ಕಾರು. ಶಿವಮೊಗ್ಗಕ್ಕೆ ಹೋಗುವುದೋ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದೋ, ಯಾರು ಓಡಿಸುತ್ತಾರೆ, ದುಡ್ಡು ಯಾರ ಕೈಯಲ್ಲಿರುತ್ತದೆ, ಇದನ್ನು ಈಗಲೇ ಮಾತಾಡಿಟ್ಟುಕೋ. ಸಹಾಯ ಮಾಡುವವರಿಗೆ ನೀನೇ ಫೋನ್ ಮಾಡು. ನಿನ್ನ ಅಮ್ಮ ತಾನಾಗಿ ಯಾರನ್ನೂ ಕೇಳುವವಳಲ್ಲ ಅಂತ ಪದ್ಯ ನೋಡಿದರೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಇಲ್ಲಿಂದ ಎಲ್ಲರೂ ಊರಿಗೆ ಹೋಗುವುದು ಡಿಸೆಂಬರ್ ರಜೆಯಲ್ಲಿ. ಆಗ ಅಡಿಕೆ ಕೊಯ್ಲು, ಸುಲಿಯುವವರು, ನೆಂಟರು, ಮನೆ ತುಂಬಾ ಜನ. ಆ ಗದ್ದಲದಲ್ಲಿ ಅಮ್ಮ ಹುರುಪಿನಿಂದ ಓಡಾಡುತ್ತಾಳೆ, ನೀನೂ ಸಮಾಧಾನವಾಗಿ ವಾಪಸ್ ಬರುತ್ತೀಯ. ಅವಳು ನಿಜವಾಗಿ ಹೇಗಿದ್ದಾಳೆ ಅಂತ ನೋಡಬೇಕಾದರೆ ಆಷಾಢದಲ್ಲಿ ಹೋಗು. ಜಡಿಮಳೆ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ದಿನವಿಡೀ ಯಾರೂ ಬರುವುದಿಲ್ಲ. ಅವಳು ಒಬ್ಬಳೇ ದಿನ ದೂಡುವುದು ಅದೇ ತಿಂಗಳುಗಳಲ್ಲಿ. ಹೊಸ ಕೆಲಸದಲ್ಲಿ ಜುಲೈ ರಜೆ ಬೇಗ ತುಂಬಿಹೋಗುತ್ತದೆ, ಹಾಗಾಗಿ ಮ್ಯಾನೇಜರ್ ಹತ್ತಿರ ಈ ವಾರವೇ ಕೇಳು.