ರೊಟ್ಟಿ ತಿನ್ನುವಾಗ ಪುಸ್ತಕ ಮುಚ್ಚು

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಪ್ರಶ್ನೆ: ಮೇಡಂ, ನಾನು ಬಳ್ಳಾರಿಯಲ್ಲಿ ಎಂಬಿಬಿಎಸ್ ಎರಡನೇ ವರ್ಷ ಓದುತ್ತಿದ್ದೇನೆ. ಊರು ಸಿಂಧನೂರು ಹತ್ತಿರದ ಹಳ್ಳಿ. ಬೆಳಗ್ಗೆ ಕ್ಲಾಸು, ಆಮೇಲೆ ವಾರ್ಡ್ ಪೋಸ್ಟಿಂಗ್, ಮಧ್ಯಾಹ್ನ ಪ್ರಾಕ್ಟಿಕಲ್. ರೂಮಿಗೆ ಬಂದರೆ ಫಾರ್ಮಾ (ಔಷಧಶಾಸ್ತ್ರ), ಪ್ಯಾಥೋ (ರೋಗಶಾಸ್ತ್ರ), ಮೈಕ್ರೋ (ಸೂಕ್ಷ್ಮಜೀವಿಶಾಸ್ತ್ರ) ಮೂರೂ ಬಾಯಿ ತೆರೆದು ಕೂತಿರುತ್ತವೆ. ಮನೆಯಲ್ಲಿದ್ದಾಗ ದಿನಾ ಅಂಗಳಕ್ಕೆ ರಂಗೋಲಿ ಹಾಕುತ್ತಿದ್ದೆ, ಕಾದಂಬರಿ ಓದುತ್ತಿದ್ದೆ. ಈಗ ಅರ್ಧ ತಾಸು ಸುಮ್ನೆ ಕೂತರೂ ಏನೋ ತಪ್ಪು ಮಾಡಿದ ಹಾಗೆ ಅನ್ನಿಸುತ್ತದೆ. ಭಾನುವಾರ ಮೂರು ತಾಸು ರೀಲ್ಸ್ ನೋಡುತ್ತೇನೆ, ಆಮೇಲೆ ಅಳು ಬರುತ್ತದೆ. ಓದೂ ಆಗಲಿಲ್ಲ, ಖುಷಿಯೂ ಆಗಲಿಲ್ಲ. ‘ಡಾಕ್ಟರಾದ ಮೇಲೆ ಎಲ್ಲಾ ಇದ್ದೇ ಇರುತ್ತದೆ, ಈಗ ಎಲ್ಲಾ ಬಿಟ್ಟು ಓದು’ ಅಂತ ಮಾವ ಹೇಳುತ್ತಾರೆ. ಬಿಟ್ಟುಬಿಡಲಾ?
— ಒಬ್ಬ ಓದುಗಿ, ಬಳ್ಳಾರಿ

ಉತ್ತರ: ತಂಗಿ, ನಿನ್ನ ಮಾವ ಡಾಕ್ಟರ್ ಅಲ್ಲ ಅಂದುಕೊಳ್ಳುತ್ತೇನೆ. ನಿನಗೆ ಉತ್ತರ ಬರೆಯಲು ಮೊನ್ನೆ ರಾತ್ರಿ ಊಟ ಮುಗಿಸಿ ಕೂತೆ. ಎರಡು ಸಾಲು ಆಗುವಷ್ಟರಲ್ಲಿ ಪಕ್ಕದ ಓಣಿಯ ಕೂಸಿಗೆ ಜ್ವರ ಅಂತ ಬಾಗಿಲು ಬಡಿದರು. ಇವತ್ತು ಮತ್ತೆ ಕೂತಿದ್ದೇನೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಪಿಜಿ ಎಂಟ್ರೆನ್ಸ್, ಆಮೇಲೆ ಮೂರು ವರ್ಷ ಪಿಜಿ. ಮಾವ ಹೇಳುವ ಆ ‘ಆಮೇಲೆ’ ಯಾವ ಸ್ಟಾಪಿನಲ್ಲಿ ಬರುತ್ತದೋ, ಐವತ್ತು ದಾಟಿದ ನನಗೇ ಇನ್ನೂ ಗೊತ್ತಾಗಿಲ್ಲ.

ನಾನೂ ಇದೇ ಬಳ್ಳಾರಿಯಲ್ಲಿ ಓದಿದವಳು, 1980ರ ದಶಕದ ಕೊನೆಗೆ. ನಿನ್ನ ಮಾವ ಹೇಳಿದ್ದನ್ನು ಮಾಡಿಯೂ ನೋಡಿದ್ದೇನೆ. ಎರಡನೇ ವರ್ಷ ಫಾರ್ಮಾದಲ್ಲಿ ಫೇಲಾದೆ. ವೈವಾದಲ್ಲಿ, ಅಂದರೆ ಬಾಯಿ ಪರೀಕ್ಷೆಯಲ್ಲಿ, ಕೇಳಿದ್ದು ಬಹಳ ಸುಲಭದ ಪ್ರಶ್ನೆ. ಅಟ್ರೋಪಿನ್ ಕೊಟ್ಟರೆ ಏನಾಗುತ್ತದೆ? ಬಾಯಿ ಒಣಗುತ್ತದೆ, ಎದೆ ಬಡಿತ ಜೋರಾಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ನನ್ನ ಬಾಯಿ ಒಣಗಿತ್ತು, ಎದೆ ಡವಗುಟ್ಟುತ್ತಿತ್ತು, ಪಾಪೆಯೂ ಖಂಡಿತ ಹಿಗ್ಗಿತ್ತು. ಉತ್ತರವೆಲ್ಲ ನನ್ನ ಮೈಮೇಲೇ ಬರೆದಿತ್ತು. ಬಾಯಿಗೆ ಮಾತ್ರ ಬರಲಿಲ್ಲ.

ಆಮೇಲೆ ಶಪಥ ಮಾಡಿದೆ. ಸಪ್ಲಿಮೆಂಟರಿ ಮುಗಿಯುವವರೆಗೆ ಸಿನಿಮಾ ಇಲ್ಲ, ಸಂಜೆ ತಿರುಗಾಟ ಇಲ್ಲ, ಗೆಳತಿಯರ ರೂಮಿಗೆ ಹೋಗುವುದಿಲ್ಲ. ಊಟಕ್ಕೆ ಹೋದರೂ ಕೈಯಲ್ಲಿ ಪುಸ್ತಕ. ಮೊದಲ ತಿಂಗಳು ಬಹಳ ಹೆಮ್ಮೆ ಪಟ್ಟೆ. ಎರಡನೇ ತಿಂಗಳಲ್ಲಿ ಒಂದು ದಿನ ಗಮನಿಸಿದೆ, ನಾಲ್ಕು ದಿನದಿಂದ ಅದೇ ಪುಟ ತೆರೆದಿದೆ. ಬೆಳಗ್ಗೆಯಿಂದ ರಾತ್ರಿವರೆಗೆ ಕೂತಿರುತ್ತಿದ್ದೆ, ಓದುತ್ತಿರಲಿಲ್ಲ. ಕೂತ ತಾಸುಗಳನ್ನು ಎಣಿಸಿ ಓದಿದ ಲೆಕ್ಕಕ್ಕೆ ಬರೆದುಕೊಳ್ಳುತ್ತಿದ್ದೆ, ಅಷ್ಟೇ.

ನಮ್ಮ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಒಬ್ಬ ಅಜ್ಜಿ ಇದ್ದಳು. ತಟ್ಟೆ ಪಕ್ಕ ನನ್ನ ಪುಸ್ತಕ ದಿನಾ ನೋಡಿ ನೋಡಿ, ಒಂದು ದಿನ ಬಿಸಿ ಜೋಳದ ರೊಟ್ಟಿಯನ್ನು ಸೀದಾ ತೆರೆದ ಪುಟದ ಮೇಲೇ ಇಟ್ಟಳು. ‘ಏನ್ ಯವ್ವಾ, ರೊಟ್ಟಿ ತಿಂತೀಯೋ ಪುಸ್ತಕ ತಿಂತೀಯೋ? ಒಂದ್ ತಿನ್ನು’ ಅಂದಳು. ಸಿಟ್ಟು ಬಂತು. ಆದರೂ ಪುಸ್ತಕ ಮುಚ್ಚಿದೆ. ಅವತ್ತು ಗುರೆಳ್ಳು ಚಟ್ನಿ ಇತ್ತು, ಮೇಲೆ ಹಸಿ ಎಣ್ಣೆ. ಎಷ್ಟೋ ದಿನದ ಮೇಲೆ ನಾಲಿಗೆಗೆ ರುಚಿ ಹತ್ತಿತು. ಊಟಕ್ಕೆ ಬೇಕಾದದ್ದು ಹದಿನೈದು ನಿಮಿಷ. ಆ ಹದಿನೈದು ನಿಮಿಷವನ್ನು ನಾನು ಎರಡು ತಿಂಗಳು ಉಳಿಸಿ ಏನು ಮಾಡಿದೆ ಅಂತ ಈಗಲೂ ಯೋಚಿಸುತ್ತೇನೆ. ಆ ಪುಟದಲ್ಲಿ ಎಣ್ಣೆ ಕಲೆ ಇನ್ನೂ ಇದೆ.

ಅದಕ್ಕೇ ಮೊದಲ ಮಾತು, ಹೊಸದಾಗಿ ಸಮಯ ಹುಡುಕಬೇಡ. ಊಟ, ಸ್ನಾನ, ಹಾಸ್ಟೆಲಿನಿಂದ ವಾರ್ಡಿಗೆ ನಡೆಯುವ ದಾರಿ, ಇವೆಲ್ಲ ಹೇಗೂ ಮಾಡಲೇಬೇಕಾದವು. ಅವು ಮಾತ್ರ ಪೂರ್ತಿ ನಿನ್ನವಾಗಿರಲಿ. ವಾರ್ಡಿಗೆ ಹೋಗುವಾಗ ಕಿವಿಯಲ್ಲಿ ಲೆಕ್ಚರ್ ಹಾಕಿಕೊಂಡು ನಡೆಯುವ ಮಕ್ಕಳನ್ನು ನೋಡುತ್ತೇನೆ. ಆ ದಾರಿಯಲ್ಲಿ ಬೇವಿನ ಮರ ಹೂ ಬಿಟ್ಟಿರುತ್ತದೆ, ವಾಸನೆ ಮೂಗಿಗೆ ಬಡಿಯುತ್ತದೆ. ಅವರಿಗೆ ಗೊತ್ತೇ ಆಗುವುದಿಲ್ಲ.

ಭಾನುವಾರ ರಾತ್ರಿ ಮೆಸ್ಸಿಗೆ ರಜೆ ಇರುತ್ತಿತ್ತು. ನಮಗೆ ಅದೇ ಹಬ್ಬ. ಐದಾರು ಜನ ಸೇರಿ ಒಗ್ಗರಣೆ-ಮಿರ್ಚಿ ಬಂಡಿಗೆ ಹೋಗುತ್ತಿದ್ದೆವು. (ಒಗ್ಗರಣೆ ಅಂದರೆ ನಮ್ಮ ಕಡೆ ಮಂಡಕ್ಕಿಯ ತಿಂಡಿ, ಮಿರ್ಚಿ ಅಂದರೆ ಮೆಣಸಿನಕಾಯಿ ಬಜ್ಜಿ.) ಫಸ್ಟ್ ಇಯರಿನಲ್ಲಿ ಕೈಗೆ ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆ ಹತ್ತಿರುತ್ತಿತ್ತು. ಸೋಪು ಹಾಕಿದರೂ ಹೋಗದು, ನಿಂಬೆಹಣ್ಣು ತಿಕ್ಕಿದರೂ ಹೋಗದು. ಬಿಸಿ ಮಿರ್ಚಿ ಮುರಿದು, ಆ ಹೊಗೆಯಲ್ಲಿ ಬೆರಳು ಹಿಡಿದರೆ ಮಾತ್ರ ಸ್ವಲ್ಪ ಹೊತ್ತು ಮರೆಯಾಗುತ್ತಿತ್ತು. (ಇದಕ್ಕೆ ಯಾವ ವಿಜ್ಞಾನದ ಆಧಾರವೂ ಇಲ್ಲ. ಖಾರಕ್ಕೆ ಮೂಗೇ ಕೆಲಸ ಬಿಡುತ್ತಿತ್ತೇನೋ.) ಅದೇ ವರ್ಷ ನನ್ನ ಅವ್ವ ಹಾಸ್ಟೆಲಿಗೆ ಬಂದವಳು, ಉಂಡೆ ಇಡಲು ಅಂತ ಮಂಚದ ಕೆಳಗಿನ ಟ್ರಂಕ್ ತೆಗೆದಳು. ಒಳಗೆ ಸೀನಿಯರ್‌ಗಳಿಂದ ಕೊಂಡ ಬೋನ್ ಸೆಟ್ಟು, ಓದಲು ಇಟ್ಟುಕೊಂಡ ಮನುಷ್ಯರ ಮೂಳೆಗಳು. ಕಿರುಚಿದ್ದು ಕೆಳಗಿನ ಮಹಡಿಗೂ ಕೇಳಿತಂತೆ. ಸಂಜೆ ಅವ್ವ ಬಸ್ಸು ಹತ್ತಿದ ಮೇಲೆ ನೋಡುತ್ತೇನೆ, ಬುರುಡೆಯ ಹಣೆಗೆ ಮೂರು ಎಳೆ ವಿಭೂತಿ! ಫ್ರಾಂಟಲ್ ಬೋನ್ (ಹಣೆಯ ಮೂಳೆ) ಎಲ್ಲಿದೆ ಅಂತ ನನಗೆ ಆಮೇಲೆ ಎಂದೂ ಗೊಂದಲ ಆಗಲಿಲ್ಲ.

ಇನ್ನೊಂದು ಹೇಳಬೇಕು. ನಿನಗೂ ಈಗ ವಾರ್ಡಿನಲ್ಲಿ ಪರ್ಕಶನ್ ಕಲಿಸುತ್ತಿರಬೇಕು ಅಲ್ವಾ? ಎಡಗೈ ನಡುಬೆರಳನ್ನು ರೋಗಿಯ ಎದೆಗೆ ಒತ್ತಿಟ್ಟು ಬಲಗೈ ನಡುಬೆರಳಿನಿಂದ ತಟ್ಟುವುದು. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ಸದ್ದು ತೆರೆದುಕೊಳ್ಳುತ್ತದೆ, ಲಿವರ್ ಮೇಲೆ ಮಂಕಾಗುತ್ತದೆ. ಎದೆಯಲ್ಲಿ ನೀರು ತುಂಬಿದ್ದರೆ ಪೂರ್ತಿ ಸತ್ತ ಸದ್ದು, ಅದಕ್ಕೆ ಹೆಸರೇ ‘ಸ್ಟೋನಿ ಡಲ್’, ಕಲ್ಲಿನಂಥ ಮಂಕು. ನನಗೆ ಮೂರರಲ್ಲಿ ಒಂದೂ ಗೊತ್ತಾಗುತ್ತಿರಲಿಲ್ಲ. ಗೋಡೆ, ಬೀರು, ಬಕೆಟ್ಟು, ಅರ್ಧ ತುಂಬಿದ ಕೊಡ, ಕೊನೆಗೆ ಮಲಗಿದ್ದ ರೂಮ್‌ಮೇಟಿನ ಬೆನ್ನು, ಎಲ್ಲಾ ತಟ್ಟಿದೆ.

ಒಂದು ಭಾನುವಾರ ಬೆಳಗ್ಗೆ ಸೀನಿಯರ್ ಒಬ್ಬಳು ‘ಬರ್ರಿ, ಕಲ್ಲು ಬಾರಿಸೋಣ’ ಅಂತ ಹೊರಡಿಸಿದಳು. ಬಾಡಿಗೆ ಸೈಕಲ್ ಹತ್ತಿ ಸಂಗನಕಲ್ಲು ಕಡೆ ಹೋದೆವು. ಅಲ್ಲಿಯ ಕುಪಗಲ್ಲು ಗುಡ್ಡದಲ್ಲಿ ಕಪ್ಪು ಬಂಡೆಗಳಿವೆ, ಡಾಲರೈಟ್ ಕಲ್ಲು. ಹೊಸಶಿಲಾಯುಗದ ಜನ ಸಾವಿರಾರು ವರ್ಷಗಳ ಹಿಂದೆ ಅವುಗಳ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ. ಕೆಲವು ಬಂಡೆಗಳನ್ನು ತಟ್ಟಿದರೆ ಗಂಟೆಯ ಹಾಗೆ ಸದ್ದು ಬರುತ್ತದೆ. ತಟ್ಟಿ ತಟ್ಟಿ ಗುಳಿ ಬಿದ್ದ ಕಲ್ಲುಗಳೂ ಇವೆ. ನಮ್ಮ ಸೀನಿಯರ್ ಒಂದು ಸಣ್ಣ ಕಲ್ಲು ತೆಗೆದುಕೊಂಡು ಮೆತ್ತಗೆ ತಟ್ಟಿದಳು. ‘ಟಣ್’ ಅಂತು. ಪಕ್ಕದ್ದು ತಟ್ಟಿದಳು, ಸುಮ್ಮನೆ ಕಲ್ಲು. ಮತ್ತೆ ಮೊದಲಿನದು. ಆ ಕ್ಷಣಕ್ಕೆ ನನ್ನ ಕಿವಿ ತೆರೆಯಿತು. ನಗುವೂ ಬಂತು. ಪುಸ್ತಕದಲ್ಲಿ ಸತ್ತ ಸದ್ದಿಗೆ ಕಲ್ಲಿನ ಹೆಸರಿಟ್ಟಿದ್ದಾರೆ, ನಮ್ಮ ಬಳ್ಳಾರಿಯ ಕಲ್ಲು ನೋಡಿದರೆ ಹಾಡುತ್ತದೆ! (ನೀನು ಹೋದರೆ ಚಿತ್ರಗಳ ಮೇಲೆ ಬಡಿಯಬೇಡ. ನಮಗಾಗ ಅಷ್ಟು ಬುದ್ಧಿ ಇರಲಿಲ್ಲ.) ಬಿಸಿಲು ಏರಿದರೆ ಸಂಗನಕಲ್ಲಿನ ಕಥೆಯನ್ನು ಊರೊಳಗೇ ನೋಡಬಹುದು. ಇಲ್ಲಿಯ ಶಿಲಾಯುಗದ ನೆಲೆಗಳನ್ನು ಹುಡುಕಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಒಂದು ತಾಸು ಸಾಕು.

ಪರ್ಕಶನ್ ಕಂಡುಹಿಡಿದ ಆಸ್ಟ್ರಿಯಾದ ಔವೆನ್‌ಬ್ರುಗ್ಗರ್ ಅವರ ತಂದೆ ಛತ್ರ-ಹೋಟೆಲು ನಡೆಸುತ್ತಿದ್ದರು. ಪೀಪಾಯಿ ತಟ್ಟಿ ವೈನು ಎಲ್ಲಿವರೆಗಿದೆ ಅಂತ ನೋಡುವುದನ್ನು ಮಗ ಅಲ್ಲೇ ಕಂಡಿದ್ದರು ಅನ್ನುತ್ತಾರೆ. 1761ರಲ್ಲಿ ಅದರ ಮೇಲೆ ಪುಸ್ತಕ ಬರೆದರು. ಅವರಿಗೆ ಸಂಗೀತದ ಹುಚ್ಚೂ ಇತ್ತು. 1816ರಲ್ಲಿ ಕಾಗದದ ಸುರುಳಿ ಮಾಡಿ ಎದೆ ಬಡಿತ ಕೇಳಿ, ಸ್ಟೆತಸ್ಕೋಪಿಗೆ ದಾರಿ ಮಾಡಿದ ಲೆನೆಕ್ ಕೊಳಲು ಊದುತ್ತಿದ್ದರು.

ಇಲ್ಲಿ ನೀನು ‘ಹಾಗಾದರೆ ಹವ್ಯಾಸ ಇದ್ದರೆ ಓದಿಗೆ ಅನುಕೂಲ’ ಅಂತ ನೋಟ್ಸಿನಲ್ಲಿ ಬರೆದುಕೊಳ್ಳಲು ಹೊರಟಿರುತ್ತೀಯ. ಬೇಡ. ಈ ಕಾಲದ ಹುಡುಗರ ದೊಡ್ಡ ಕಾಯಿಲೆ ಇದು. ಖುಷಿಗೂ ಒಂದು ಪ್ರಯೋಜನ ತೋರಿಸಿ ರಜೆ ಚೀಟಿ ಬರೆಸಿಕೊಳ್ಳುವುದು. ಕಲ್ಲು ಬಾರಿಸಿದ್ದರಿಂದ ನನಗೆ ಲಾಭ ಆಯಿತು, ನಿಜ. ಒಗ್ಗರಣೆ-ಮಿರ್ಚಿಯಿಂದ ಯಾವ ಲಾಭವೂ ಆಗಲಿಲ್ಲ, ಎದೆ ಉರಿ ಬಂತು. ಆದರೂ ಆ ಶಪಥದ ದಿನಗಳನ್ನು ಬಿಟ್ಟರೆ ಒಂದು ಭಾನುವಾರವೂ ತಪ್ಪಿಸಲಿಲ್ಲ.

ನಿನ್ನ ರಂಗೋಲಿ ವಿಷಯ. ಪ್ಯಾಥಾಲಜಿ ರೆಕಾರ್ಡಿನಲ್ಲಿ ನೀಲಿ-ಗುಲಾಬಿ ಪೆನ್ಸಿಲ್ ಹಿಡಿದು ಜೀವಕೋಶ ಬರೆಯುವಾಗ ನಿನ್ನ ಕೈ ಉಳಿದವರಿಗಿಂತ ಚೆನ್ನಾಗಿ ಓಡುತ್ತದೆ ಅಂತ ಪಂದ್ಯ ಕಟ್ಟುತ್ತೇನೆ. ಅದು ಇರಲಿ. ಅದನ್ನೇ ರಂಗೋಲಿ ಅಂದುಕೊಂಡು ಸಮಾಧಾನ ಪಡಬೇಡ. ರಂಗೋಲಿ ಪುಡಿ ಒಂದು ಪೊಟ್ಟಣ ತಂದಿಡು. ರೂಮಿನ ಹೊಸ್ತಿಲ ಮುಂದೆ ಐದು ಚುಕ್ಕಿಯದು ಹಾಕು, ಮೂರು ನಿಮಿಷ. ಎಂಟು ಗಂಟೆಗೆ ಕಸ ಗುಡಿಸುವ ಅಮ್ಮ ಗುಡಿಸಿಬಿಡುತ್ತಾಳೆ. ಗುಡಿಸಲಿ ಬಿಡು, ಮನೆಯಲ್ಲೂ ಕೋಳಿ ಕೆದರುತ್ತಿರಲಿಲ್ವಾ?

ರೀಲ್ಸ್ ಬಗ್ಗೆ ಬೈಯುವ ಅರ್ಹತೆ ನನಗಿಲ್ಲ. ಬಜ್ಜಿ ಕರಿಯುವ ವಿಡಿಯೋ ನಾನೂ ನೋಡುತ್ತೇನೆ. ಆದರೆ ಮೂರು ತಾಸು ನೋಡಿ ಅಳು ಬಂತು ಅಂದೆಯಲ್ಲ, ನಿನಗೆ ಅವತ್ತು ಬೇಕಾಗಿದ್ದದ್ದು ನಿದ್ದೆ ಅಂತ ಕಾಣುತ್ತದೆ. ಮುಂದಿನ ಭಾನುವಾರ ಫೋನನ್ನು ರೂಮ್‌ಮೇಟಿನ ಕೈಗೆ ಕೊಟ್ಟು ಮಧ್ಯಾಹ್ನ ಮಲಗು. ಎದ್ದ ಮೇಲೆ ಏನನ್ನಿಸಿತು ಅಂತ ಬರಿ. ಮಾವನಿಗೆ ನನ್ನ ನಮಸ್ಕಾರ ಹೇಳು.

ಪ್ರಶ್ನೆ: ಡಾಕ್ಟರಮ್ಮಾರೇ, ನನ್ನ ಮಗ ರಾಯಚೂರಿನಲ್ಲಿ ಮೂರನೇ ವರ್ಷದ ಮೆಡಿಕಲ್ ಓದುತ್ತಿದ್ದಾನೆ. ರಜೆಗೆ ಮನೆಗೆ ಬಂದರೆ ಎರಡು ದಿನ ಬರೀ ಮಲಗುತ್ತಾನೆ. ನೆಂಟರು ಬಂದರೂ ಏಳುವುದಿಲ್ಲ. ಮಾತೂ ಕಡಿಮೆ. ಭಯ ಆಗುತ್ತದೆ.
— ಒಬ್ಬ ತಾಯಿ, ಗಂಗಾವತಿ

ಉತ್ತರ: ಅಮ್ಮಾ, ಎರಡು ದಿನ ಮಲಗಲಿ. ಹಳೇ ಬಾಕಿ ಅದು. ನೆಂಟರು ಬಂದಾಗ ಏಳದಿರುವುದಕ್ಕೂ ಕಾರಣ ಇರಬಹುದು. ನಾನು ಊರಿಗೆ ಹೋದರೆ ದೊಡ್ಡಪ್ಪ ಮಂಡಿ ತೋರಿಸುತ್ತಿದ್ದರು, ಅತ್ತೆ ಸ್ಕ್ಯಾನಿಂಗ್ ಫೈಲು ಬಿಚ್ಚುತ್ತಿದ್ದರು. ಆಗ ನನಗೆ ಮಂಡಿಯ ಮೂಳೆಗಳ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಮೂರನೇ ದಿನ ಎದ್ದಾಗ ಮಾರ್ಕ್ಸ್ ಕೇಳಬೇಡಿ. ಸಂತೆಗೆ ಜೊತೆ ಕರೆದುಕೊಂಡು ಹೋಗಿ, ಚೀಲ ಹಿಡಿಯಲು ಹೇಳಿ. ಗಂಡು ಹುಡುಗರಿಗೆ ಎದುರು ಕೂತು ಮಾತಾಡುವುದಕ್ಕಿಂತ ಪಕ್ಕದಲ್ಲಿ ನಡೆಯುತ್ತಾ ಮಾತಾಡುವುದು ಸುಲಭ.

ಒಂದು ಎಚ್ಚರಿಕೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಎರಡು ವಾರ ಆದರೂ ಮಂಕು ಹೋಗದಿದ್ದರೆ, ಊಟ-ನಿದ್ದೆ ಕೆಟ್ಟಿದ್ದರೆ, ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಸುಸ್ತಲ್ಲ. ಆಗ ತಡ ಮಾಡದೆ ಮನೋವೈದ್ಯರನ್ನು ಕಾಣಿ. ಸಾಯುವ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ. ನೀವೂ ಮಾಡಬಹುದು, ಅವನೂ ಮಾಡಬಹುದು. ಡಾಕ್ಟರ್ ಓದುವವನಿಗೆ ಇದೆಲ್ಲ ಯಾಕೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಪ್ರಶ್ನೆ: ಕೊಪ್ಪಳದಲ್ಲಿ ಇಂಟರ್ನ್ ಆಗಿದ್ದೇನೆ. ನೈಟ್ ಡ್ಯೂಟಿ ಮುಗಿಸಿ ರೂಮಿಗೆ ಬಂದಾಗ ಬಿಸ್ಕೆಟ್ ಬಿಟ್ಟು ಏನೂ ಇರುವುದಿಲ್ಲ. ಹತ್ತು ನಿಮಿಷದಲ್ಲಿ ಆಗುವಂಥದ್ದು ಏನಾದರೂ ಹೇಳಿ ಮೇಡಂ.
— ಒಬ್ಬ ಹಸಿದವನು

ಉತ್ತರ: ಕೊಪ್ಪಳದಲ್ಲಿದ್ದುಕೊಂಡು ಇದನ್ನು ನನ್ನ ಹತ್ತಿರ ಕೇಳುತ್ತೀಯಲ್ಲಪ್ಪಾ! ಒಗ್ಗರಣೆ ಮಾಡಿಕೋ. ಮಂಡಾಳು (ಮಂಡಕ್ಕಿ) ಒಂದು ಚೀಲ ತಂದಿಡು. ಪುಟಾಣಿ (ಹುರಿಗಡಲೆ) ಪುಡಿ ಮಾಡಿ ಡಬ್ಬಿಯಲ್ಲಿಟ್ಟುಕೋ. ಬಾಣಲೆಗೆ ಎಣ್ಣೆ, ಸಾಸಿವೆ, ಶೇಂಗಾ, ಕರಿಬೇವು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಅರಿಶಿನ, ಉಪ್ಪು. ಅಷ್ಟರಲ್ಲಿ ಮಂಡಾಳನ್ನು ನೀರಿಗೆ ಹಾಕಿ ತೆಗೆ. ನೆನೆಸಿಟ್ಟು ಸ್ನಾನಕ್ಕೆ ಹೋದರೆ ಅಂಬಲಿ ಆಗುತ್ತದೆ, ನನಗೆ ಆಗಿದೆ. ಎರಡೂ ಕೈಯಲ್ಲಿ ಹಿಂಡಿ ಬಾಣಲೆಗೆ ಹಾಕು, ಪುಟಾಣಿ ಪುಡಿ ಉದುರಿಸಿ ಕಲಸು. ನಿಂಬೆಹಣ್ಣು ಒಲೆ ಆರಿಸಿದ ಮೇಲೆ ಹಿಂಡು, ಮೊದಲೇ ಹಿಂಡಿದರೆ ಕಹಿ ಬರುತ್ತದೆ.

ಮಿರ್ಚಿ ಮಾತ್ರ ರೂಮಿನಲ್ಲಿ ಕರಿಯಲು ಹೋಗಬೇಡ. ನಿದ್ದೆಗಣ್ಣು, ಕಾದ ಎಣ್ಣೆ, ಎರಡೂ ಸೇರುವುದು ಬೇಡ. ದಾರಿಯಲ್ಲಿ ಬಂಡಿಯವರು ಒಲೆ ಹಚ್ಚಿರುತ್ತಾರಲ್ಲ, ಎರಡು ಕಟ್ಟಿಸಿಕೊಂಡು ಬಾ.