ಪವಾಡ ಬಿಡಿ, ಸೀರಿಯಂ ಕಥೆ ಹೇಳಿ

ನಮಸ್ಕಾರ.

ಮಂಡ್ಯದಿಂದ ನೀವು ಕಳಿಸಿದ ‘ಅಯಸ್ಕಾಂತ ಮತ್ತು ಸೂಪರ್‌ಕಂಡಕ್ಟರ್’ ಲೇಖನ, ಅಂದರೆ ತುಂಬಾ ತಣಿಸಿದಾಗ ವಿದ್ಯುತ್ತನ್ನು ತಡೆಯೇ ಇಲ್ಲದೆ ಹರಿಸುವ ವಸ್ತುಗಳ ಕಥೆ, ಓದಿದೆ. ವಿಷಯ ಚೆನ್ನಾಗಿದೆ, ಇಸವಿಗಳು ಸರಿ ಇವೆ, ಭಾಷೆ ಎಲ್ಲೂ ತೊಡರುವುದಿಲ್ಲ. ಆದರೆ ಎರಡನೇ ಪ್ಯಾರಾಕ್ಕೆ ಬಂದಾಗ ಸಿಟ್ಟೇ ಬಂತು.

‘ಕಾಂತಗುಣಕ್ಕೂ ಸೂಪರ್‌ಕಂಡಕ್ಟರಿಗೂ ಹಾವು ಮುಂಗುಸಿ ದ್ವೇಷ.’

ಇರಲಿ. ಯಾಕೆ ದ್ವೇಷ? ಮುಂದಿನ ಸಾಲಿನಲ್ಲಿ ಕಾರಣ ಬರುತ್ತದೆ ಅಂತ ಕಾದೆ. ಸೂಪರ್‌ಕಂಡಕ್ಟರ್ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸುವ 1957ರ ಬಿಸಿಎಸ್ ಸಿದ್ಧಾಂತದ ಹೆಸರು ಬಂತು, ಅಷ್ಟೇ. ಎಲೆಕ್ಟ್ರಾನ್‌ಗಳು ಜೋಡಿ ಕಟ್ಟುತ್ತವೆ, ಆ ಜೋಡಿಗಳಿಂದಲೇ ತಡೆಯಿಲ್ಲದ ಹರಿವು. ಒಂದರ ಸ್ಪಿನ್ (ಎಲೆಕ್ಟ್ರಾನ್‌ಗಿರುವ ಪುಟ್ಟ ಅಯಸ್ಕಾಂತದಂಥ ಗುಣ) ಮೇಲಕ್ಕಿದ್ದರೆ ಇನ್ನೊಂದರದ್ದು ಕೆಳಕ್ಕೆ. ಕಾಂತಗುಣದ ಪರಮಾಣು ಅಡ್ಡ ಬಂದರೆ ಒಂದರ ಸ್ಪಿನ್ ತಿರುಗಿಸಿ ಜೋಡಿ ಮುರಿಯುತ್ತದೆ. ಲ್ಯಾಂಥನಮ್‌ಗೆ ಕಾಂತಗುಣದ ಗ್ಯಾಡೊಲಿನಿಯಂ ಲೋಹ ಶೇ. 1ರಷ್ಟು ಬೆರೆತರೂ ಅದರ ಸೂಪರ್‌ಕಂಡಕ್ಟರ್ ಗುಣ ಹೆಚ್ಚುಕಮ್ಮಿ ಸತ್ತೇ ಹೋಗುತ್ತದೆ. ಇಷ್ಟು ಹೇಳಿದ್ದರೆ ಹಾವೂ ಬೇಡ, ಮುಂಗುಸಿಯೂ ಬೇಡ.

‘1979ರಲ್ಲಿ ಜರ್ಮನಿಯಲ್ಲಿ ಪವಾಡವೇ ನಡೆಯಿತು. ವಿಜ್ಞಾನಿಗಳು ಮೂಕವಿಸ್ಮಿತರಾದರು.’

ಯಾರೂ ಮೂಕರಾಗಲಿಲ್ಲ ಕಣ್ರೀ. ಅನೇಕರು ಮೊದಲು ನಂಬಲೇ ಇಲ್ಲ. ಜರ್ಮನ್ ಭೌತವಿಜ್ಞಾನಿ ಫ್ರಾಂಕ್ ಸ್ಟೆಗ್ಲಿಶ್ ತಂಡ ಸೀರಿಯಂ, ತಾಮ್ರ, ಸಿಲಿಕಾನ್ ಸೇರಿದ ಸಂಯುಕ್ತವನ್ನು ಸುಮಾರು 0.5 ಕೆಲ್ವಿನ್‌ಗೆ (ಮೈನಸ್ 272 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಕೆಳಕ್ಕೆ) ತಣಿಸಿದಾಗ ಅದು ಸೂಪರ್‌ಕಂಡಕ್ಟರ್ ಆಯಿತು. ಅದೇ ಸಂಯುಕ್ತದಲ್ಲಿ ಕಾಂತಗುಣದ ಸೀರಿಯಂ ಬದಲು ಆ ಗುಣವಿಲ್ಲದ ಲ್ಯಾಂಥನಮ್ ಹಾಕಿ ನೋಡಿದರು. ಇನ್ನೂ ಸುಲಭವಾಗಿ ಆಗಬೇಕಿತ್ತು, ಅಲ್ವಾ? ಆಗಲೇ ಇಲ್ಲ. ಕೆಲಸ ಕೆಡಿಸಬೇಕಾದ ಪರಮಾಣುವೇ ಇಲ್ಲಿ ಬೇಕಾಗಿತ್ತು! ಲೇಖನದ ಜೀವವೇ ಇದು. ನೀವು ಇದನ್ನು ಕೊನೆಯ ಪುಟದಲ್ಲಿ ಕಂಸದೊಳಗೆ ತುರುಕಿದ್ದೀರಿ.

ನಾನು ಕೆಲಸ ಕಲಿತದ್ದು ಮೈಸೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ. ಮಂಡ್ಯ ಕಡೆಯ ನಾಲೆ ಸುದ್ದಿ ಬಂದರೆ ಸಾಕು, ‘ರೈತರ ಮೊಗದಲ್ಲಿ ಮಂದಹಾಸ’ ಇದ್ದೇ ಇರುತ್ತಿತ್ತು. ನಮ್ಮ ಹಿರಿಯ ಉಪಸಂಪಾದಕರು ಎಲೆಅಡಿಕೆ ಒಂದು ಕೆನ್ನೆಗೆ ಸರಿಸಿ, ಅದನ್ನು ಹೊಡೆದುಹಾಕಿ ಕೇಳೋರು: ‘ಎಷ್ಟು ಕ್ಯೂಸೆಕ್ ಬಿಟ್ರಂತೆ? ನಾಲೆ ಕೊನೇ ಗದ್ದೆಗೆ ಮುಟ್ತಾ?’ ಉತ್ತರ ಇಲ್ಲದಿದ್ದರೆ ಸುದ್ದಿ ವಾಪಸ್. ಆಗ ಬೈದುಕೊಂಡಿದ್ದೇನೆ. ಈಗ ಅದೇ ಚಾಳಿ ನನಗೂ ಅಂಟಿದೆ.

ಸೀರಿಯಂ ಬದಲು ಲ್ಯಾಂಥನಮ್ ಹಾಕಿ ನೋಡಿದ ಸಾಲನ್ನು ಮೊದಲ ಪ್ಯಾರಾಕ್ಕೆ ತನ್ನಿ. ಹಾಗಾದರೆ ಇಲ್ಲಿ ಜೋಡಿ ಕಟ್ಟಿಸುವುದು ಕಾಂತಗುಣದ ಏರಿಳಿತವೇನಾ ಅನ್ನುವ ಪ್ರಶ್ನೆ ತಾನಾಗೇ ಏಳುತ್ತದೆ. ಹೌದು ಎನ್ನುವವರು ಬಹಳ ಮಂದಿ. ಚರ್ಚೆ ಮುಗಿದಿಲ್ಲ ಅಂತಲೂ ಬರೆಯಿರಿ. 1986ರಲ್ಲಿ ಸಿಕ್ಕ ತಾಮ್ರದ ಆಕ್ಸೈಡ್ ಸೂಪರ್‌ಕಂಡಕ್ಟರುಗಳ ಭಾಗ ಹಾಗೇ ಇರಲಿ, ಅದನ್ನು ಮುಟ್ಟಬೇಡಿ. ತಿದ್ದಿದ ಪ್ರತಿ ಕಳಿಸಿ, ಮತ್ತೆ ಓದುತ್ತೇನೆ.