ಸಂಘದ ಹಳೆ ಕಂಪ್ಯೂಟರ್ ತೆಗೆಯುವ ಮುನ್ನ

ನಿಮ್ಮ ಸಂಘದಲ್ಲಿ ಉಳಿದ ಕಂಪ್ಯೂಟರ್‌ಗಳಿಗೆ ಫೈಲ್, ಪ್ರಿಂಟರ್ ಹಂಚುವ ಹಳೆ ಕಂಪ್ಯೂಟರಿನ ತಾರೀಖು ತಪ್ಪುತ್ತಿದೆ, ಟಕ್ ಟಕ್ ಸದ್ದೂ ಬರುತ್ತಿದೆ, ಅದರ ಬದಲು ಹೊಸದು ಹಾಕುವುದು ಹೇಗೆ ಅಂತ ಕೇಳಿದ್ದೀರಿ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತಿದೆ ಅಂದರೆ ಮದರ್‌ಬೋರ್ಡಿನ ಸಿಆರ್ 2032 ಸೆಲ್ (ನಾಣ್ಯದಂಥ ಪುಟ್ಟ ಬ್ಯಾಟರಿ) ಮುಗಿದಿರಬೇಕು. ಅದು ಚಿಕ್ಕ ವಿಷಯ. ಟಕ್ ಟಕ್ ಸದ್ದು ಬಹುಶಃ ಹಾರ್ಡ್‌ಡಿಸ್ಕಿನದ್ದು. ಫ್ಯಾನಿಗೆ ವೈರ್ ತಾಗಿದರೂ ಹಾಗೇ ಕೇಳುತ್ತದೆ, ಆದರೆ ಡಿಸ್ಕೇ ಅಂತ ತಿಳಿದು ಇವತ್ತೇ ಎಲ್ಲಾ ಫೈಲ್ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಡಿಫ್ರಾಗ್ (ಡಿಸ್ಕಿನಲ್ಲಿ ಚದುರಿದ ಫೈಲ್ ತುಣುಕುಗಳನ್ನು ಒಟ್ಟುಗೂಡಿಸುವುದು) ಮಾಡಲು ಹೋಗಬೇಡಿ, ಸುಮ್ನೆ ಅದಕ್ಕೆ ಜಾಸ್ತಿ ಕೆಲಸ. ನುಡಿ ತಂತ್ರಾಂಶದ ಕನ್ನಡ ಫಾಂಟುಗಳನ್ನೂ ತೆಗೆದುಕೊಳ್ಳಿ. ಅವಿಲ್ಲದಿದ್ದರೆ ನುಡಿಯಲ್ಲಿ ಟೈಪ್ ಮಾಡಿದ ಹಳೆ ಠರಾವುಗಳು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ.

ಆಮೇಲೆ ಅದರ ಹೆಸರು, ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ), ಹಂಚಿಕೊಂಡ ಫೋಲ್ಡರ್ ಮತ್ತು ಪ್ರಿಂಟರಿನ ಹೆಸರು ಬರೆದಿಟ್ಟುಕೊಳ್ಳಿ. ಹೆಸರಿನಲ್ಲಿ ಒಂದು ಅಡ್ಡಗೆರೆಯೂ ತಪ್ಪಬಾರದು. ಚಿತ್ರದುರ್ಗದ ನಮ್ಮ ಸಂಘದಲ್ಲಿ ಅಷ್ಟಕ್ಕೇ ಎರಡು ದಿನ ಪ್ರಿಂಟ್ ನಿಂತಿತ್ತು. ಹಳೆಯದರ ನೆಟ್‌ವರ್ಕ್ ಕೇಬಲ್ ಕಿತ್ತ ಮೇಲೆಯೇ ಹೊಸದಕ್ಕೆ ಅದೇ ಹೆಸರು, ಅದೇ ಐಪಿ ಕೊಡಿ. ಬಳಕೆದಾರರ ಹೆಸರು, ಪಾಸ್‌ವರ್ಡ್ ಕೂಡ ಹಳೆಯದೇ ಇದ್ದರೆ ಉಳಿದ ಹನ್ನೊಂದು ಕಂಪ್ಯೂಟರ್‌ಗಳಲ್ಲಿ ಹೆಚ್ಚಿನ ಬದಲಾವಣೆ ಬೇಕಾಗುವುದಿಲ್ಲ.

ಅವುಗಳಲ್ಲಿ ನೀವು ಹೇಳಿದ, ಹಳೆ ವಿಂಡೋಸ್ ಆವೃತ್ತಿಯಾದ ಎಕ್ಸ್‌ಪಿ ಕಂಪ್ಯೂಟರ್ ಮಾತ್ರ ಹೊಸದಕ್ಕೆ ಸೇರುವುದಿಲ್ಲ, ಅದಕ್ಕೆ ಗೊತ್ತಿರುವುದು ಎಸ್‌ಎಂಬಿ 1 ಎಂಬ ಹಳೆ ಫೈಲ್ ಹಂಚಿಕೆ ವಿಧಾನ ಮಾತ್ರ. ಅದಕ್ಕಾಗಿ ಎಸ್‌ಎಂಬಿ 1 ಆನ್ ಮಾಡಬೇಡಿ, 2017ರಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಅದರಲ್ಲಿದ್ದ ದೋಷದಿಂದಲೇ. ಎಕ್ಸ್‌ಪಿಯನ್ನೂ ಬದಲಿಸಿ.

ಹಳೆಯದನ್ನು ಒಂದು ತಿಂಗಳು ಮೂಲೆಯಲ್ಲಿಡಿ. ಗುಜರಿಗೆ ಕೊಡುವಾಗ ಡಿಸ್ಕ್ ಬಿಚ್ಚಿ, ಡ್ರಿಲ್‌ನಿಂದ ತೂತು ಹಾಕಿಸಿ. ಸದಸ್ಯರ ಆಧಾರ್ ಪ್ರತಿಗಳು ಅದರಲ್ಲಿವೆ ಅಲ್ವಾ.